ಅಮೆರಿಕದ ಅಂಚೆ ನೌಕರರ ಹೊಸ ಆರೋಗ್ಯ ವಿಮೆ: ರಿಟೈರ್ ಆಗುವ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ಅಮೆರಿಕದ ಅಂಚೆ ಇಲಾಖೆ ಯುಎಸ್‌ಪಿಎಸ್‌ನ ನೌಕರರಿಗೂ ಅಲ್ಲಿಂದ ರಿಟೈರ್ ಆದವರಿಗೂ 2025ರ ಜನವರಿ 1ರಿಂದ ಪ್ರತ್ಯೇಕ ಆರೋಗ್ಯ ವಿಮೆ ಬಂದಿದೆ. ಹೆಸರು ಪೋಸ್ಟಲ್ ಸರ್ವಿಸ್ ಹೆಲ್ತ್ ಬೆನಿಫಿಟ್ಸ್. ಎಲ್ಲರೂ ಪಿಎಸ್‌ಎಚ್‌ಬಿ ಎನ್ನುತ್ತಾರೆ. "ಪ್ಲಾನಿನ ಹೆಸರು ಅದೇ ಇದೆ, ಕಾರ್ಡ್ ಮಾತ್ರ ಹೊಸದು, ಇನ್ನೇನು?" ಎಂದು ಸುಮ್ಮನಿರುವವರು ಬಹಳ. ಕೆಲಸದಲ್ಲಿರುವ ತನಕ ಆ ಮಾತು ಹೆಚ್ಚುಕಡಿಮೆ ನಿಜ. ರಿಟೈರ್ ಆಗುವ ಹೊತ್ತಿಗೆ ನಿಜವಲ್ಲ.

ಪ್ಲಾನ್ ತಪ್ಪಾಗಿ ಆರಿಸಿದರೆ ಮುಂದಿನ ವರ್ಷ ಬದಲಿಸಬಹುದು. ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರ ಕೊಡುವ ವಿಮೆಯಾದ ಮೆಡಿಕೇರ್‌ಗೆ ಸೇರುವ ತಾರೀಖು ತಪ್ಪಿದರೆ, ಅಥವಾ ರಿಟೈರ್ ಆದಮೇಲೆ ವಿಮೆಯನ್ನು ತಿಳಿಯದೆ ರದ್ದು ಮಾಡಿದರೆ, ಅದು ಬದುಕಿರುವ ತನಕ ಕಾಡುತ್ತದೆ. ಆದರೆ ಜನ ತಲೆಕೆಡಿಸಿಕೊಳ್ಳುವುದು ಮೊದಲನೆಯದರ ಬಗ್ಗೆಯೇ. ಆದ್ದರಿಂದ ಇಲ್ಲಿ ಪ್ಲಾನುಗಳ ಹೋಲಿಕೆಯನ್ನು ಬೇಕೆಂದೇ ಹಿಂದಕ್ಕೆ ಹಾಕಿದ್ದೇನೆ.

ಬದಲಾಗಿದ್ದು ಏನು, ಯಾಕೆ

ಮೊದಲು ಅಂಚೆ ನೌಕರರೂ ಬೇರೆ ಕೇಂದ್ರ ಸರ್ಕಾರಿ ನೌಕರರೂ ಎಫ್‌ಇಎಚ್‌ಬಿ ಎಂಬ ಒಂದೇ ವಿಮಾ ಯೋಜನೆಯಲ್ಲಿದ್ದರು. 2006ರ ಒಂದು ಕಾನೂನು ಅಂಚೆ ಇಲಾಖೆಯ ಮೇಲೆ ದೊಡ್ಡ ಹೊರೆ ಹೊರಿಸಿತ್ತು. ಮುಂದೆ ರಿಟೈರ್ ಆಗುವವರ ಆರೋಗ್ಯ ವಿಮೆಗೆ ಈಗಲೇ ದುಡ್ಡು ಕೂಡಿಡಬೇಕು ಎನ್ನುವುದು ಅದರ ಷರತ್ತು. ಇಲಾಖೆಯಿಂದ ಅದು ಆಗಲಿಲ್ಲ, ಬಾಕಿ ಬೆಳೆಯುತ್ತಾ ಹೋಯಿತು. 2022ರ ಏಪ್ರಿಲ್ 6ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಪೋಸ್ಟಲ್ ಸರ್ವಿಸ್ ರಿಫಾರ್ಮ್ ಆಕ್ಟ್ ಆ ಷರತ್ತನ್ನು ಕಿತ್ತುಹಾಕಿತು. ಸುಮಾರು 57 ಬಿಲಿಯನ್ ಡಾಲರ್ ಬಾಕಿಯೂ ಹೋಯಿತು. ಅದರ ಬದಲಿಗೆ ಅಂಚೆಯವರಿಗೆ ಬೇರೆ ಯೋಜನೆ ಬಂತು. ರಿಟೈರ್ ಆದವರ ಖರ್ಚಿನ ದೊಡ್ಡ ಪಾಲು ಮೆಡಿಕೇರ್‌ಗೆ ಹೋಗುವಂತೆ ನಿಯಮ ಮಾಡಿದರು.

ಈ ಹಿನ್ನೆಲೆ ಗೊತ್ತಿದ್ದರೆ ಮುಂದಿನ ನಿಯಮಗಳು ವಿಚಿತ್ರ ಅನಿಸುವುದಿಲ್ಲ. ಎಲ್ಲದರ ಗುರಿ ಒಂದೇ: 65 ದಾಟಿ ರಿಟೈರ್ ಆದವರ ಬಿಲ್ಲನ್ನು ಮೊದಲು ಮೆಡಿಕೇರ್ ಕಟ್ಟಬೇಕು, ಆಮೇಲೆ ಪಿಎಸ್‌ಎಚ್‌ಬಿ. ಯೋಜನೆಯನ್ನು ನಡೆಸುವುದು ಮೊದಲಿನಂತೆಯೇ ಓಪಿಎಂ, ಅಂದರೆ ಕೇಂದ್ರ ಸರ್ಕಾರಿ ನೌಕರರ ವ್ಯವಹಾರ ನೋಡುವ ಕಚೇರಿ.

ಹೆಜ್ಜೆ 1: ನೀವು ಯಾವ ಗುಂಪಿನವರು ಎಂದು ತಿಳಿದುಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಇದು. ಒಂದು ಹಾಳೆ ತೆಗೆದುಕೊಂಡು ಎರಡು ತಾರೀಖು ಬರೆಯಿರಿ. ಒಂದು, ನಿಮ್ಮ ಜನ್ಮದಿನ. ಇನ್ನೊಂದು, ರಿಟೈರ್ ಆದ ಅಥವಾ ಆಗಲಿರುವ ದಿನ.

2025ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ರಿಟೈರ್ ಆಗಿದ್ದೀರಾ? ಆ ದಿನ ನಿಮ್ಮ ಬಳಿ ಮೆಡಿಕೇರ್ ಪಾರ್ಟ್ ಬಿ (ಡಾಕ್ಟರ್ ಮತ್ತು ಹೊರರೋಗಿ ಚಿಕಿತ್ಸೆಯ ಭಾಗ, ಇದಕ್ಕೆ ತಿಂಗಳ ಪ್ರೀಮಿಯಂ ಕಟ್ಟಬೇಕು) ಇರಲಿಲ್ಲವಾ? ಹಾಗಿದ್ದರೆ ನಿಮಗೆ ಪಾರ್ಟ್ ಬಿ ಕಡ್ಡಾಯವಲ್ಲ. ಆಗ ನಿಮಗಿನ್ನೂ 65 ತುಂಬಿರಲಿಲ್ಲ, ಮುಂದೆ ತುಂಬುತ್ತದೆ ಎಂದರೂ ಇದೇ ಮಾತು. ಆದರೆ ಆ ದಿನ ನಿಮ್ಮ ಬಳಿ ಪಾರ್ಟ್ ಬಿ ಇದ್ದಿದ್ದರೆ ಅದನ್ನು ಬಿಡುವಂತಿಲ್ಲ. ಬಿಟ್ಟರೆ ಪಿಎಸ್‌ಎಚ್‌ಬಿಯೂ ಹೋಗುತ್ತದೆ.

2025ರ ಜನವರಿ 1ರಂದು ಇನ್ನೂ ಕೆಲಸದಲ್ಲಿದ್ದು, ಆ ದಿನಕ್ಕೆ 64 ತುಂಬಿತ್ತಾ? ಅಂದರೆ 1961ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ಹುಟ್ಟಿದವರಾ? ನಿಮಗೂ ಕಡ್ಡಾಯವಿಲ್ಲ. ಯಾವಾಗ ರಿಟೈರ್ ಆದರೂ ಅಷ್ಟೇ.

ಇವೆರಡರಲ್ಲೂ ಸೇರದ ಉಳಿದವರೆಲ್ಲ ಮೂರನೆಯ ಗುಂಪು. ಈಗ ಕೆಲಸದಲ್ಲಿರುವ ಬಹುಪಾಲು ಮಂದಿ ಇಲ್ಲಿಗೇ ಸೇರುತ್ತಾರೆ. ರಿಟೈರ್ ಆಗಿ, ಮೆಡಿಕೇರ್ ಪಾರ್ಟ್ ಎಗೆ (ಆಸ್ಪತ್ರೆ ಖರ್ಚಿನ ಭಾಗ) ಅರ್ಹರಾದ ಮೇಲೆ, ಪಿಎಸ್‌ಎಚ್‌ಬಿ ಉಳಿಸಿಕೊಳ್ಳಬೇಕೆಂದರೆ ಪಾರ್ಟ್ ಬಿ ತೆಗೆದುಕೊಳ್ಳಲೇಬೇಕು. ಕೆಲಸದಲ್ಲಿ ಮುಂದುವರಿದಿರುವ ತನಕ, 65 ದಾಟಿದ್ದರೂ, ಕಡ್ಡಾಯವಿಲ್ಲ.

ಮೂರನೆಯ ಗುಂಪಿನಲ್ಲೂ ಕೆಲವರಿಗೆ ವಿನಾಯಿತಿ ಇದೆ. ಅಮೆರಿಕ ಮತ್ತು ಅದರ ಟೆರಿಟರಿಗಳ ಹೊರಗೆ ವಾಸಿಸುವವರು. ಮಾಜಿ ಸೈನಿಕರ ವಿಎ ಆರೋಗ್ಯ ಸೇವೆಗೆ ಹೆಸರು ನೋಂದಾಯಿಸಿಕೊಂಡವರು. ಇಂಡಿಯನ್ ಹೆಲ್ತ್ ಸರ್ವಿಸ್‌ಗೆ ಅರ್ಹರಾದವರು (ಇದು ಅಲ್ಲಿನ ಮೂಲನಿವಾಸಿಗಳ ಸೇವೆ, ನಮ್ಮ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ). ಯಾವ ವಿನಾಯಿತಿಯೂ ತಾನಾಗಿಯೇ ಸಿಗುವುದಿಲ್ಲ. ಕಾಗದಪತ್ರ ಕೊಟ್ಟು ತೋರಿಸಬೇಕು.

"ಕಡ್ಡಾಯ ಇಲ್ಲದಿದ್ದರೆ ಪಾರ್ಟ್ ಬಿ ಬೇಡವೇ ಬೇಡ" ಎಂದು ಹಲವರು ನಿರ್ಧರಿಸಿಬಿಡುತ್ತಾರೆ. ನನಗೆ ಅದು ಅವಸರದ ತೀರ್ಮಾನ ಅನಿಸುತ್ತದೆ. ಪಾರ್ಟ್ ಬಿ ಇದ್ದವರಿಗೆ ಎಷ್ಟೋ ಪ್ಲಾನುಗಳು ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನೀವು ಕಟ್ಟುವ ಮೊತ್ತ) ಮತ್ತು ಕೋ-ಪೇ (ಪ್ರತಿ ಭೇಟಿಗೆ ನೀವು ಕೊಡುವ ಪಾಲು) ಬಿಟ್ಟುಕೊಡುತ್ತವೆ. ಡಯಾಲಿಸಿಸ್, ಕೀಮೋ, ಪದೇ ಪದೇ ಸ್ಪೆಷಲಿಸ್ಟ್ ಭೇಟಿ ಇರುವ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ಹೆಜ್ಜೆ 2: ಮನೆಯವರ ಲೆಕ್ಕ

ಪಾರ್ಟ್ ಬಿ ನಿಯಮ ನಿಮ್ಮೊಬ್ಬರಿಗೆ ಮುಗಿಯುವುದಿಲ್ಲ. ನಿಮಗೆ ಕಡ್ಡಾಯವಾದರೆ, ನಿಮ್ಮ ವಿಮೆಯಲ್ಲಿರುವ ಹೆಂಡತಿ ಅಥವಾ ಗಂಡನಿಗೂ, ಪಾರ್ಟ್ ಎ ಬಂದಾಗ, ಕಡ್ಡಾಯ. ನೀವು ಮೊದಲ ಎರಡು ಗುಂಪಿನವರಾಗಿ ಕಡ್ಡಾಯದಿಂದ ಹೊರಗುಳಿದಿದ್ದರೆ ಅವರೂ ಹೊರಗೆ.

ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗಬೇಕಾದರೆ 40 ಕ್ವಾರ್ಟರ್, ಅಂದರೆ ಸುಮಾರು 10 ವರ್ಷ ಅಮೆರಿಕದಲ್ಲಿ ತೆರಿಗೆ ಕಟ್ಟಿ ದುಡಿದಿರಬೇಕು. ಭಾರತದಲ್ಲಿ ದುಡಿದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಎರಡು ದೇಶಗಳ ನಡುವೆ ಸೋಶಿಯಲ್ ಸೆಕ್ಯುರಿಟಿ (ಅಮೆರಿಕದ ಸರ್ಕಾರಿ ಪಿಂಚಣಿ ವ್ಯವಸ್ಥೆ) ಒಪ್ಪಂದವೇ ಇಲ್ಲ. ಮನೆಯಲ್ಲೇ ಇದ್ದ ಹೆಂಡತಿಗೆ ಗಂಡನ ದುಡಿಮೆಯ ಮೇಲೂ ಪಾರ್ಟ್ ಎ ಸಿಗುತ್ತದೆ. ಮದುವೆಯಾಗಿ ಕನಿಷ್ಠ 1 ವರ್ಷ ಆಗಿರಬೇಕು, ದುಡಿದವರಿಗೆ ಕನಿಷ್ಠ 62 ತುಂಬಿರಬೇಕು. ಇಲ್ಲಿ ವಯಸ್ಸಿನ ಅಂತರ ಎಡವಟ್ಟು ಮಾಡುತ್ತದೆ. ಗಂಡ ರಿಟೈರ್ ಆದಾಗ ಹೆಂಡತಿಗೆ 58 ಇದ್ದರೆ ಅವಳ ಮೆಡಿಕೇರ್ ಸರದಿ ಬರಲು ಇನ್ನೂ 7 ವರ್ಷ. ಅಷ್ಟು ಹೊತ್ತಿಗೆ ಇಬ್ಬರಿಗೂ ಮರೆತೇಹೋಗಿರುತ್ತದೆ. ಅವಳ 65ನೇ ಹುಟ್ಟುಹಬ್ಬದ ಹಿಂದಿನ ಮೂರು ತಿಂಗಳನ್ನು ಇವತ್ತೇ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಡಿ.

ಮಕ್ಕಳು 26 ತುಂಬುವ ತನಕ ನಿಮ್ಮ ವಿಮೆಯಲ್ಲಿ ಇರಬಹುದು. ಅಪ್ಪ ಅಮ್ಮ, ಅತ್ತೆ ಮಾವ ಇರುವಂತಿಲ್ಲ. ನಿಮ್ಮ ಜೊತೆಯಲ್ಲೇ ಇದ್ದರೂ, ನಿಮ್ಮ ತೆರಿಗೆಯಲ್ಲಿ ಅವಲಂಬಿತರೆಂದು ತೋರಿಸಿದರೂ ಇಲ್ಲ. ಆರು ತಿಂಗಳಿಗೆ ಬರುವ ತಂದೆತಾಯಿಗೆ ವಿಸಿಟರ್ ಇನ್ಶೂರೆನ್ಸ್ ಬೇರೆಯೇ ಮಾಡಿಸಬೇಕು. ಗ್ರೀನ್ ಕಾರ್ಡಿನಲ್ಲಿ ಬಂದವರು 65 ದಾಟಿ, ಸತತ 5 ವರ್ಷ ಅಲ್ಲೇ ವಾಸವಿದ್ದರೆ, ದುಡ್ಡು ಕೊಟ್ಟು ಮೆಡಿಕೇರ್ ಕೊಳ್ಳಬಹುದು.

ಇನ್ನು ದಾಖಲೆ. ಮನೆಯವರು ನಿಜಕ್ಕೂ ಅರ್ಹರೇ ಎಂದು ಪರಿಶೀಲಿಸುವುದನ್ನು 2025ರ ಜುಲೈನ ಕಾನೂನು ಬಿಗಿ ಮಾಡಿದೆ. ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪತ್ರ ಕೇಳುತ್ತಾರೆ. ನಮ್ಮವರಿಗೆ ಇಲ್ಲೇ ತೊಂದರೆ. 1985ರಲ್ಲಿ ಹಾಸನದ ಛತ್ರದಲ್ಲಿ ಮದುವೆಯಾದವರ ಬಳಿ ಲಗ್ನಪತ್ರಿಕೆ ಇರುತ್ತದೆ, ಆಲ್ಬಂ ಇರುತ್ತದೆ, ನೋಂದಣಿ ಇರುವುದಿಲ್ಲ. ಊರಿಗೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. ತಡವಾಗಿಯೂ ಮಾಡಿಸಬಹುದು. ಕನ್ನಡದಲ್ಲಿರುವ ಪತ್ರಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಇಟ್ಟುಕೊಳ್ಳಿ.

ಇನಿಶಿಯಲ್ ಬಗ್ಗೆಯೂ ಎಚ್ಚರ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿದೆ, ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಬರೀ ಅಕ್ಷರ, ವಿಮೆಯಲ್ಲಿ ಊರಿನ ಹೆಸರೇ ಸರ್‌ನೇಮ್. ಹೀಗಿದ್ದರೆ ಮೆಡಿಕೇರ್ ಮತ್ತು ವಿಮೆಯ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸೋಶಿಯಲ್ ಸೆಕ್ಯುರಿಟಿಯಲ್ಲಿ ಹೇಗಿದೆಯೋ ಹಾಗೆಯೇ ಉಳಿದ ಕಡೆ ಸರಿಮಾಡಿಸುವುದು ಸುಲಭದ ದಾರಿ.

ಹೆಜ್ಜೆ 3: ವಿಮೆ ರಿಟೈರ್‌ಮೆಂಟ್ ತನಕ ನಿಮ್ಮ ಜೊತೆ ಬರುತ್ತದಾ?

ರಿಟೈರ್ ಆಗುವ ದಿನದ ಹಿಂದಿನ 5 ವರ್ಷ ಬಿಡದೆ ಈ ವಿಮೆಯಲ್ಲಿ ಇದ್ದಿರಬೇಕು. ಅಥವಾ ಮೊದಲ ಸಲ ಅವಕಾಶ ಸಿಕ್ಕಾಗಿನಿಂದ ಇದ್ದಿರಬೇಕು. ಹಳೆಯ ಎಫ್‌ಇಎಚ್‌ಬಿಯಲ್ಲಿ ಕಳೆದ ವರ್ಷಗಳೂ ಸೇರುತ್ತವೆ. ಸರ್ಕಾರಿ ಕೆಲಸದಲ್ಲಿರುವ ಗಂಡ ಅಥವಾ ಹೆಂಡತಿಯ ವಿಮೆಯಲ್ಲಿ ಹೆಸರಿದ್ದರೂ ನಡೆಯುತ್ತದೆ. ಆದರೆ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗಂಡನ ವಿಮೆಯನ್ನೇ ನಂಬಿಕೊಂಡು, "ನನ್ನದು ಯಾಕೆ ಸುಮ್ನೆ" ಎಂದು ಅಂಚೆ ವಿಮೆ ಬಿಟ್ಟ ಹೆಂಗಸರು ಇಲ್ಲಿ ಸಿಕ್ಕಿಬೀಳುತ್ತಾರೆ. ರಿಟೈರ್ ಆಗಲು 5 ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಇರುವಾಗಲೇ, ಕಡಿಮೆ ಪ್ರೀಮಿಯಂನ ಒಂದು ಪ್ಲಾನಿಗಾದರೂ ಸೇರಿಕೊಳ್ಳಿ.

ಪಿಂಚಣಿಯೂ ಕೂಡಲೇ ಶುರುವಾಗಬೇಕು. ಈಗ ಕೆಲಸ ಬಿಟ್ಟು, ವರ್ಷಗಳ ನಂತರ ಪಿಂಚಣಿ ತೆಗೆದುಕೊಳ್ಳುವ ಡಿಫರ್ಡ್ ದಾರಿ ಹಿಡಿದರೆ ವಿಮೆ ಬರುವುದಿಲ್ಲ.

ಇದರ ಜೊತೆಗೇ ಸರ್ವೈವರ್ ಪಿಂಚಣಿಯ, ಅಂದರೆ ನೌಕರರು ತೀರಿಕೊಂಡ ಮೇಲೆ ಸಂಗಾತಿಗೆ ಸಿಗುವ ಪಿಂಚಣಿಯ ಪ್ರಶ್ನೆ. ತಿಂಗಳ ಪಿಂಚಣಿ ಸ್ವಲ್ಪ ಜಾಸ್ತಿ ಬರಲಿ ಎಂದು ಅದನ್ನು ಬಿಟ್ಟುಕೊಟ್ಟರೆ, ನೌಕರರು ತೀರಿಕೊಂಡ ಮೇಲೆ ಸಂಗಾತಿಯ ಆರೋಗ್ಯ ವಿಮೆಯೂ ನಿಲ್ಲುತ್ತದೆ. ವಿಮೆ ಮುಂದುವರಿಯಲು ಸರ್ವೈವರ್ ಪಿಂಚಣಿ ಇರಬೇಕು, ಸಾವಿನ ಸಮಯದಲ್ಲಿ ಇಬ್ಬರದೋ ಇಡೀ ಕುಟುಂಬದ್ದೋ ವಿಮೆ ಇರಬೇಕು. ಬಿಟ್ಟುಕೊಡಲು ಸಂಗಾತಿಯ ಸಹಿ ಬೇಕು. ಆ ಫಾರಂ ಮುಂದಿಟ್ಟಾಗ ಓದದೆ ಸಹಿ ಹಾಕಬೇಡಿ ಎಂದು ಮನೆಯಲ್ಲಿ ಹೇಳಿಡಿ.

ಹೆಜ್ಜೆ 4: ಮೆಡಿಕೇರ್‌ನ ತಾರೀಖು ಮತ್ತು ದುಡ್ಡು

65ಕ್ಕೆ ಮೊದಲೇ ರಿಟೈರ್ ಆಗಿದ್ದರೆ ನಿಮಗೆ 7 ತಿಂಗಳ ಕಿಟಕಿ ಇದೆ. 65 ತುಂಬುವ ತಿಂಗಳು, ಹಿಂದಿನ 3, ಮುಂದಿನ 3. ಹಿಂದಿನ ಮೂರು ತಿಂಗಳಲ್ಲೇ ಅರ್ಜಿ ಹಾಕಿ, ಹುಟ್ಟಿದ ತಿಂಗಳ 1ರಿಂದಲೇ ಪಾರ್ಟ್ ಬಿ ಶುರುವಾಗುತ್ತದೆ. 1ನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳಿಂದಲೇ ಶುರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜೂನ್ 1 ಜನ್ಮದಿನವಾಗಿರುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಅಲ್ವಾ? ಅವರು ಮೇ ಲೆಕ್ಕ ಹಿಡಿಯಬೇಕು.

65 ದಾಟಿ ಕೆಲಸದಲ್ಲಿದ್ದವರಿಗೆ ಬೇರೆ ಲೆಕ್ಕ. ಕೆಲಸ ಬಿಟ್ಟ ಮೇಲೆ 8 ತಿಂಗಳೊಳಗೆ ದಂಡವಿಲ್ಲದೆ ಪಾರ್ಟ್ ಬಿ ಪಡೆಯಬಹುದು. ಆದರೆ 8 ತಿಂಗಳಿದೆಯಲ್ಲ ಎಂದು ಕೂರಬೇಡಿ. ಮೂರನೆಯ ಗುಂಪಿನವರಿಗೆ ರಿಟೈರ್ ಆದಮೇಲೆ ಪಿಎಸ್‌ಎಚ್‌ಬಿ ಉಳಿಯಲು ಪಾರ್ಟ್ ಬಿ ಬೇಕು, ಮೆಡಿಕೇರ್‌ನ ಈ ಗಡುವು ಬೇರೆ ವಿಷಯ. ಕೆಲಸ ಬಿಡುವ ಎರಡು ಮೂರು ತಿಂಗಳು ಮುಂಚೆಯೇ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಅರ್ಜಿ ಹೋಗಲಿ. ಸಿಎಂಎಸ್-40ಬಿ ನೀವು ತುಂಬುವ ಫಾರಂ. ಸಿಎಂಎಸ್-ಎಲ್564 ಇಲಾಖೆ ತುಂಬಿಕೊಡಬೇಕಾದದ್ದು, ಇಷ್ಟು ದಿನ ನೌಕರಿಯ ವಿಮೆ ಇತ್ತು ಎಂಬುದಕ್ಕೆ ಸಾಕ್ಷಿ. ತಡವಾಗುವುದು ಎರಡನೆಯದರಿಂದಲೇ. ಅದನ್ನು ಮೊದಲು ಕೇಳಿ.

ತಪ್ಪಿದರೆ ಏನಾಗುತ್ತದೆ? ತಡವಾದ ಪ್ರತಿ ಪೂರ್ತಿ 12 ತಿಂಗಳಿಗೆ 10 ಪರ್ಸೆಂಟ್ ಹೆಚ್ಚುವರಿ, ಪಾರ್ಟ್ ಬಿ ಇರುವ ತನಕ. 2026ರಲ್ಲಿ ಪಾರ್ಟ್ ಬಿಯ ಸಾಮಾನ್ಯ ಪ್ರೀಮಿಯಂ ತಿಂಗಳಿಗೆ 202.90 ಡಾಲರ್. 3 ವರ್ಷ ತಡ ಮಾಡಿದವರು ಅದರ ಮೇಲೆ ತಿಂಗಳಿಗೆ ಸುಮಾರು 61 ಡಾಲರ್ ಜಾಸ್ತಿ ಕಟ್ಟುತ್ತಾರೆ. ಪ್ರೀಮಿಯಂ ಏರಿದಂತೆ ದಂಡವೂ ಏರುತ್ತದೆ. 2024ರಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಹಳೆಯ ನಿವೃತ್ತರಿಗೆ ದಂಡವಿಲ್ಲದೆ ಸೇರುವ ವಿಶೇಷ ಅವಕಾಶ ಕೊಟ್ಟಿದ್ದರು. ಅದು ಮುಗಿದಿದೆ.

ಗಂಡ ಹೆಂಡತಿ ಇಬ್ಬರಿಗೂ ಪಾರ್ಟ್ ಬಿ ಎಂದರೆ 2026ರ ಲೆಕ್ಕದಲ್ಲಿ ವರ್ಷಕ್ಕೆ 4,869.60 ಡಾಲರ್. ಇದು ಪಿಎಸ್‌ಎಚ್‌ಬಿ ಪ್ರೀಮಿಯಂನ ಮೇಲೆ. ರಿಟೈರ್‌ಮೆಂಟ್ ಬಜೆಟ್ ಮಾಡುವಾಗ ಬಹುತೇಕರು ಬಿಟ್ಟುಬಿಡುವ ಸಾಲು ಇದೇ. ಇನ್ನೊಂದು ಸಾಲೂ ಇದೆ. ಕೆಲಸದಲ್ಲಿರುವಾಗ ಪ್ರೀಮಿಯಂ ತೆರಿಗೆಗೆ ಮೊದಲೇ ಸಂಬಳದಿಂದ ಹೋಗುತ್ತದೆ. ಪಿಂಚಣಿಯಲ್ಲಿ ತೆರಿಗೆ ಕಟ್ಟಿದ ದುಡ್ಡಿನಿಂದ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಮುರಿಯುತ್ತಿದ್ದದ್ದು ತಿಂಗಳಿಗೊಮ್ಮೆ ಆಗುತ್ತದೆ, ಆದ್ದರಿಂದ ಮೊತ್ತ ದೊಡ್ಡದಾಗಿ ಕಾಣುತ್ತದೆ.

ಆದಾಯ ಜಾಸ್ತಿ ಇದ್ದವರಿಗೆ ಪಾರ್ಟ್ ಬಿ ಇನ್ನೂ ದುಬಾರಿ. ಈ ಹೆಚ್ಚುವರಿಗೆ ಇರ್ಮಾ ಎನ್ನುತ್ತಾರೆ. 2026ರಲ್ಲಿ ಒಬ್ಬರಿಗೆ 1,09,000 ಡಾಲರ್, ಜಂಟಿ ರಿಟರ್ನ್ ಸಲ್ಲಿಸುವವರಿಗೆ 2,18,000 ಡಾಲರ್ ದಾಟಿದರೆ ಮೊದಲ ಮೆಟ್ಟಿಲು. ಅಲ್ಲಿ ಪಾರ್ಟ್ ಬಿ 284.10 ಡಾಲರ್ ಆಗುತ್ತದೆ. ನೋಡುವುದು ಎರಡು ವರ್ಷ ಹಿಂದಿನ ತೆರಿಗೆ ರಿಟರ್ನ್. ನಮ್ಮವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅಮೆರಿಕದ ರಿಟರ್ನಿನಲ್ಲಿ ಭಾರತದ ಆದಾಯವೂ ಸೇರುತ್ತದೆ. ಬೆಂಗಳೂರಿನ ಸೈಟು ಮಾರಿದ ಲಾಭ, ಜಯನಗರದ ಮನೆಯ ಬಾಡಿಗೆ, ಎಲ್ಲವೂ. 63ನೇ ವಯಸ್ಸಿನಲ್ಲಿ ಸೈಟು ಮಾರಿದರೆ ಅದರ ಬಿಸಿ 65ರಲ್ಲಿ ಮೆಡಿಕೇರ್ ಬಿಲ್ಲಿನಲ್ಲಿ ತಟ್ಟುತ್ತದೆ. ರಿಟೈರ್ ಆಗಿ ಸಂಬಳ ನಿಂತಿದೆ ಎಂದು ಎಸ್‌ಎಸ್‌ಎ-44 ಫಾರಂ ಹಾಕಿ ಕಡಿಮೆ ಮಾಡಿಸಿಕೊಳ್ಳಬಹುದು. ಸೈಟು ಮಾರಿದ ವರ್ಷ ಮಾತ್ರ ಜಾಸ್ತಿ ಬಂದಿತ್ತು ಎಂದರೆ ಆ ಫಾರಂ ಕೆಲಸಕ್ಕೆ ಬರುವುದಿಲ್ಲ. ಮಾರುವ ಯೋಚನೆ ಇದ್ದರೆ ಅದನ್ನು 63ಕ್ಕೆ ಮೊದಲೇ ಮುಗಿಸಬಹುದಾ ನೋಡಿ.

ಹೈ ಡಿಡಕ್ಟಿಬಲ್ ಪ್ಲಾನಿನಲ್ಲಿದ್ದು ಎಚ್‌ಎಸ್‌ಎ (ಆರೋಗ್ಯ ಖರ್ಚಿಗೆಂದು ತೆರಿಗೆಯಿಲ್ಲದೆ ಉಳಿಸುವ) ಖಾತೆಗೆ ದುಡ್ಡು ಹಾಕುತ್ತಿರುವವರು, ಮೆಡಿಕೇರ್ ಶುರುವಾದ ತಿಂಗಳಿಂದ ಹಾಕುವಂತಿಲ್ಲ. 65 ದಾಟಿ ತಡವಾಗಿ ಅರ್ಜಿ ಹಾಕಿದರೆ ಪಾರ್ಟ್ ಎ 6 ತಿಂಗಳ ತನಕ ಹಿಂದಿನಿಂದ ಜಾರಿಯಾಗಬಹುದು. ಆದ್ದರಿಂದ ಅರ್ಜಿಗೆ 6 ತಿಂಗಳ ಮೊದಲೇ ನಿಲ್ಲಿಸಿ.

ಹೆಜ್ಜೆ 5: ಔಷಧಿಯ ಭಾಗ

ರಿಟೈರ್ ಆಗಿ ಮೆಡಿಕೇರ್ ಬಂದವರಿಗೆ ಪಿಎಸ್‌ಎಚ್‌ಬಿ ಪ್ಲಾನಿನ ಔಷಧಿ ಭಾಗ ಮೆಡಿಕೇರ್ ಪಾರ್ಟ್ ಡಿ ಮೂಲಕ ನಡೆಯುತ್ತದೆ. ಪ್ಲಾನಿನವರೇ ಸೇರಿಸುತ್ತಾರೆ, ನೀವು ಅರ್ಜಿ ಹಾಕಬೇಕಿಲ್ಲ. ಪಾರ್ಟ್ ಬಿ ಕಡ್ಡಾಯವಿಲ್ಲದೆ ಬರೀ ಪಾರ್ಟ್ ಎ ಇಟ್ಟುಕೊಂಡವರಿಗೂ ಇದು ಅನ್ವಯ.

ಈ ಬಗ್ಗೆ ಮನೆಗೆ ಪತ್ರ ಬರುತ್ತದೆ. "ಬೇಡವಾದರೆ ಹೊರಗುಳಿಯಬಹುದು" ಎಂದು ಅದರಲ್ಲಿರುತ್ತದೆ. ಹೊರಗುಳಿದರೆ ನಿಮ್ಮ ಪ್ಲಾನಿನಲ್ಲಿ ಔಷಧಿಗೆ ಯಾವ ರಕ್ಷಣೆಯೂ ಇರುವುದಿಲ್ಲ, ಪ್ರೀಮಿಯಂ ಮಾತ್ರ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಟಿವಿ ಜಾಹೀರಾತು ನೋಡಿಯೋ ಫೋನಿನ ಏಜೆಂಟ್ ಮಾತು ಕೇಳಿಯೋ ಬೇರೆ ಪಾರ್ಟ್ ಡಿ ಪ್ಲಾನ್ ತೆಗೆದುಕೊಂಡರೂ ಇದೇ ಗತಿ. ಒಬ್ಬರಿಗೆ ಒಂದೇ ಪಾರ್ಟ್ ಡಿ. ಹೊಸದು ಬಂದರೆ ಹಳೆಯದು ತಾನಾಗಿ ಬಿಟ್ಟುಹೋಗುತ್ತದೆ.

ಇದರಿಂದ ಲಾಭವೂ ಇದೆ. ಪಾರ್ಟ್ ಡಿಯಲ್ಲಿ ಬರುವ ಔಷಧಿಗಳಿಗೆ ನಿಮ್ಮ ಜೇಬಿನಿಂದ ಹೋಗುವ ವರ್ಷದ ಗರಿಷ್ಠ ಮೊತ್ತ 2026ರಲ್ಲಿ 2,100 ಡಾಲರ್. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್‌ಗಿಂತ ಹೆಚ್ಚಿಲ್ಲ. ಸಕ್ಕರೆ ಕಾಯಿಲೆ ಇರುವ ಮನೆಗೆ ಇದು ದೊಡ್ಡ ನೆಮ್ಮದಿ. ಆದಾಯ ಜಾಸ್ತಿ ಇದ್ದವರಿಗೆ ಇಲ್ಲೂ ಇರ್ಮಾ ಬೀಳುತ್ತದೆ, ಅಷ್ಟು ನೆನಪಿರಲಿ.

ಹೆಜ್ಜೆ 6: ಈಗ ಪ್ಲಾನ್ ನೋಡಿ

ಪಿಎಸ್‌ಎಚ್‌ಬಿಯಲ್ಲಿ ಬ್ಲೂ ಕ್ರಾಸ್, ಗೀಹಾದಂಥ ದೊಡ್ಡ ಹೆಸರುಗಳೂ ಇವೆ. ಲೆಟರ್ ಕ್ಯಾರಿಯರ್‌ಗಳ ಎನ್‌ಎಎಲ್‌ಸಿ, ಎಪಿಡಬ್ಲ್ಯುಯು, ಮೇಲ್ ಹ್ಯಾಂಡ್ಲರ್‌ಗಳ ಎಂಎಚ್‌ಬಿಪಿ, ರೂರಲ್ ಕ್ಯಾರಿಯರ್ ಪ್ಲಾನ್ ಹೀಗೆ ಯೂನಿಯನ್ ಮೂಲದವೂ ಇವೆ. ಕೆಲವು ಊರುಗಳಲ್ಲಿ ಕೈಸರ್‌ನಂಥ ಎಚ್‌ಎಂಒ, ಅಂದರೆ ಒಂದು ಪ್ರದೇಶದ ತನ್ನದೇ ಡಾಕ್ಟರ್, ಆಸ್ಪತ್ರೆಗಳಿಗೆ ಸೀಮಿತವಾದ ಪ್ಲಾನ್, ಸಿಗುತ್ತದೆ.

ಪ್ರತಿ ಪ್ಲಾನಿಗೂ ಒಂದು ಬ್ರೋಶರ್ ಇರುತ್ತದೆ, ನೂರು ಪುಟ ದಾಟುತ್ತದೆ. ಇಡೀ ಓದಬೇಕಿಲ್ಲ. ಸೆಕ್ಷನ್ 2 ತೆಗೆಯಿರಿ, ಈ ವರ್ಷ ಏನು ಬದಲಾಗಿದೆ ಎಂದು ಅಲ್ಲಿರುತ್ತದೆ. ಪ್ಲಾನ್ ಬದಲಿಸದೆ ಹಾಗೇ ಮುಂದುವರಿಯುವವರು ಇಷ್ಟನ್ನಾದರೂ ಓದಲೇಬೇಕು. ಮೆಡಿಕೇರ್ ಇದ್ದವರು ಸೆಕ್ಷನ್ 9 ನೋಡಿ. ಪಾರ್ಟ್ ಎ ಮತ್ತು ಬಿ ಎರಡೂ ಇದ್ದರೆ ಏನೇನು ಮನ್ನಾ, ಪಾರ್ಟ್ ಬಿ ಪ್ರೀಮಿಯಂನಲ್ಲಿ ಏನಾದರೂ ವಾಪಸ್ ಕೊಡುತ್ತಾರಾ ಎಂದು ಗೊತ್ತಾಗುತ್ತದೆ. ಕೆಲವು ಪ್ಲಾನುಗಳು ವರ್ಷಕ್ಕೆ ನೂರಾರು ಡಾಲರ್ ವಾಪಸ್ ಕೊಡುತ್ತವೆ. ಆದರೆ ನೀವು ಕೇಳಿ, ರಸೀದಿ ಕೊಟ್ಟರೆ ಮಾತ್ರ.

ನನ್ನ ಅಭಿಪ್ರಾಯ ಇಷ್ಟು. ಇಬ್ಬರಿಗೂ ಪಾರ್ಟ್ ಎ ಮತ್ತು ಬಿ ಇದ್ದರೆ ದುಬಾರಿ ಪ್ಲಾನಿಗೆ ಅಂಟಿಕೊಳ್ಳಲು ಬಲವಾದ ಕಾರಣ ಬೇಕು. ಮೊದಲ ಬಿಲ್ಲು ಕಟ್ಟುವುದು ಮೆಡಿಕೇರ್. ಉಳಿದದ್ದನ್ನು ಕಡಿಮೆ ಪ್ರೀಮಿಯಂನ ಪ್ಲಾನೂ ಚೆನ್ನಾಗಿಯೇ ನೋಡಿಕೊಳ್ಳುತ್ತದೆ. "ಮೂವತ್ತು ವರ್ಷದಿಂದ ಇದೇ ಪ್ಲಾನ್" ಎನ್ನುವುದು ಅಭ್ಯಾಸ ಅಷ್ಟೇ, ಲೆಕ್ಕವಲ್ಲ. 2026ಕ್ಕೆ ಪಿಎಸ್‌ಎಚ್‌ಬಿಯಲ್ಲಿ ಸದಸ್ಯರ ಪಾಲಿನ ಪ್ರೀಮಿಯಂ ಸರಾಸರಿ 11.3 ಪರ್ಸೆಂಟ್ ಏರಿದೆ. ಹೀಗಿರುವಾಗ ಅಭ್ಯಾಸಕ್ಕೆ ತೆರುವ ಬೆಲೆ ವರ್ಷ ವರ್ಷ ಬೆಳೆಯುತ್ತದೆ. ಕೆಲಸದಲ್ಲಿರುವವರಿಗೆ, ಅದರಲ್ಲೂ ಚಿಕ್ಕ ಮಕ್ಕಳಿರುವವರಿಗೆ, ನಾನು ಇದೇ ಮಾತು ಹೇಳುವುದಿಲ್ಲ. ಅವರು ಡಾಕ್ಟರ್ ನೆಟ್‌ವರ್ಕಿನಲ್ಲಿದ್ದಾರಾ, ಡಿಡಕ್ಟಿಬಲ್ ಎಷ್ಟು ಎಂದು ಮೊದಲು ನೋಡಲಿ.

ಸಂಗಾತಿ ಅಂಚೆಯ ಹೊರಗಿನ ಕೇಂದ್ರ ಸರ್ಕಾರಿ ಕೆಲಸದಲ್ಲಿದ್ದರೆ ಇನ್ನೊಂದು ದಾರಿ ಇದೆ. ಅವರ ಎಫ್‌ಇಎಚ್‌ಬಿಯಲ್ಲಿ ನೀವು ಸೇರಬಹುದು. ಅಲ್ಲಿ ಪಾರ್ಟ್ ಬಿ ಕಡ್ಡಾಯವಿಲ್ಲ. ಎರಡೂ ಕಡೆ ಹೆಸರು ಇರುವಂತಿಲ್ಲ.

ಹಲ್ಲು, ಕಣ್ಣಿನ ವಿಮೆ ಬೇರೆ, ಅದು ಫೆಡ್‌ವಿಪ್. ಅದರಲ್ಲಿ ಈ ಬದಲಾವಣೆಯಿಂದ ಏನೂ ಆಗಿಲ್ಲ.

ಹೆಜ್ಜೆ 7: ಓಪನ್ ಸೀಸನ್ನಿನ ನಾಲ್ಕು ವಾರ

ಪ್ಲಾನ್ ಬದಲಿಸುವ ಕಾಲ ಪ್ರತಿ ವರ್ಷ ನವೆಂಬರ್ ಎರಡನೇ ವಾರದ ಹೊತ್ತಿಗೆ ಶುರುವಾಗಿ ಡಿಸೆಂಬರ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ. 2025ರಲ್ಲಿ ನವೆಂಬರ್ 10ರಿಂದ ಡಿಸೆಂಬರ್ 8ರ ತನಕ ಇತ್ತು. ಪೋಸ್ಟ್ ಆಫೀಸಿನಲ್ಲಿ ಇದು ಪಾರ್ಸೆಲ್ ರಾಶಿ ಬೀಳುವ ಕಾಲ, ಓವರ್‌ಟೈಮ್ ಕಾಲ. ದಣಿದು ಮನೆಗೆ ಬಂದು ಬ್ರೋಶರ್ ಓದಲು ಯಾರಿಗೂ ಆಗುವುದಿಲ್ಲ. ಆದ್ದರಿಂದ 1ರಿಂದ 5ರ ತನಕದ ಹೆಜ್ಜೆಗಳನ್ನು ಬೇಸಿಗೆಯಲ್ಲೇ ಮುಗಿಸಿ. ನವೆಂಬರ್‌ಗೆ ಪ್ಲಾನ್ ಆಯ್ಕೆ ಮಾತ್ರ ಉಳಿಯಲಿ.

ಕೆಲಸದಲ್ಲಿರುವವರು ಅಂಚೆ ನೌಕರರ ವೆಬ್‌ಸೈಟ್ ಲೈಟ್‌ಬ್ಲೂ ಮೂಲಕ, ರಿಟೈರ್ ಆದವರು ಲಾಗಿನ್ ಡಾಟ್ ಗೌ ಖಾತೆಯಿಂದ ಪಿಎಸ್‌ಎಚ್‌ಬಿ ಸಿಸ್ಟಂಗೆ ಹೋಗಬೇಕು. ಅಕ್ಟೋಬರ್‌ನಲ್ಲೇ ಒಮ್ಮೆ ಲಾಗಿನ್ ಮಾಡಿ ನೋಡಿ. ಆ ಸಮಯದಲ್ಲಿ ಊರಿಗೆ ಹೋಗಿರುತ್ತೀರಾದರೆ, ಒಟಿಪಿ ಅಮೆರಿಕದ ಸಿಮ್ಮಿಗೇ ಬರುತ್ತದೆ ಎನ್ನುವುದು ನೆನಪಿರಲಿ. ಹೊರಡುವ ಮೊದಲೇ ಫೋನಿನಲ್ಲಿ ಅಥೆಂಟಿಕೇಟರ್ ಆ್ಯಪ್ ಹಾಕಿ ಖಾತೆಗೆ ಜೋಡಿಸಿಕೊಳ್ಳಿ.

ಏನೂ ಮಾಡದಿದ್ದರೆ ಇದ್ದ ಪ್ಲಾನೇ ಮುಂದುವರಿಯುತ್ತದೆ. ಮದುವೆ, ಮಗು ಹುಟ್ಟಿದ್ದು, ಸಂಗಾತಿಯ ಕೆಲಸ ಹೋದದ್ದು ಇಂಥ ಘಟನೆಗಳಾದರೆ ಓಪನ್ ಸೀಸನ್ ಕಾಯಬೇಕಿಲ್ಲ. ಸಾಮಾನ್ಯವಾಗಿ 60 ದಿನದೊಳಗೆ ಬದಲಿಸಬಹುದು.

ರಿಟೈರ್ ಆದವರಿಗೆ ಒಂದು ಎಚ್ಚರಿಕೆ. ಪಿಎಸ್‌ಎಚ್‌ಬಿಯನ್ನು ಕ್ಯಾನ್ಸಲ್ ಮಾಡಿದರೆ ಮತ್ತೆ ಒಳಗೆ ಬರುವಂತಿಲ್ಲ. ಹೊರಗಿನ ಮೆಡಿಕೇರ್ ಅಡ್ವಾಂಟೇಜ್ ಪ್ಲಾನಿಗೆ (ಖಾಸಗಿ ಕಂಪನಿ ನಡೆಸುವ ಮೆಡಿಕೇರ್) ಸೇರಬೇಕು ಎಂದಿದ್ದರೆ ಸಸ್ಪೆಂಡ್ ಮಾಡುವ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿಡುವ ಫಾರಂ ಬೇರೆ ಇದೆ. ಹಾಗೆ ಮಾಡಿದವರು ಮುಂದಿನ ಓಪನ್ ಸೀಸನ್ನಿನಲ್ಲಿ ವಾಪಸ್ ಬರಬಹುದು. ಫೋನಿನಲ್ಲಿ ಮಾತಾಡುವಾಗ ಸಸ್ಪೆಂಡ್ ಎಂದೇ ಹೇಳಿ, ಫಾರಂ ಕಳಿಸುವ ಮೊದಲು ಯಾವ ಚೌಕಕ್ಕೆ ಗುರುತು ಹಾಕಿದ್ದೀರಿ ಎಂದು ಇನ್ನೊಮ್ಮೆ ನೋಡಿ.

ಊರಿಗೆ ವಾಪಸ್ ಹೋಗಿ ನೆಲೆಸುವವರಿಗೆ

ರಿಟೈರ್ ಆಗಿ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರೋಣ ಎನ್ನುವವರಿಗೆ ಲೆಕ್ಕ ಪೂರ್ತಿ ಬೇರೆ. ಮೆಡಿಕೇರ್ ಭಾರತದಲ್ಲಿ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ಆದ್ದರಿಂದಲೇ ವಿದೇಶದಲ್ಲಿ ವಾಸಿಸುವವರಿಗೆ ಪಾರ್ಟ್ ಬಿ ವಿನಾಯಿತಿ ಇಟ್ಟಿರುವುದು. ವಿಳಾಸದ ಪುರಾವೆ ಕೊಟ್ಟು ವಿನಾಯಿತಿ ಪಡೆಯಬೇಕು. ವರ್ಷಕ್ಕೆ ನಾಲ್ಕು ತಿಂಗಳು ಬಂದು ಹೋಗುವುದನ್ನು ವಾಸ ಎಂದು ಕರೆಯಲಾಗದು.

ಪಿಎಸ್‌ಎಚ್‌ಬಿಯ ದೇಶವ್ಯಾಪಿ ಪ್ಲಾನುಗಳಲ್ಲಿ ಹಲವು ವಿದೇಶದ ಚಿಕಿತ್ಸೆಗೂ ದುಡ್ಡು ಕೊಡುತ್ತವೆ. ಬ್ಲೂ ಕ್ರಾಸ್‌ನಲ್ಲಿ ಇದಕ್ಕೆಂದೇ ಬೇರೆ ವಿಭಾಗವಿದೆ. ಎಚ್‌ಎಂಒ ಹಾಗಲ್ಲ. ತನ್ನ ಪ್ರದೇಶದ ಹೊರಗೆ ತುರ್ತು ಚಿಕಿತ್ಸೆಯಷ್ಟೇ. ಆದ್ದರಿಂದ ಹೊರಡುವ ಹಿಂದಿನ ಓಪನ್ ಸೀಸನ್ನಿನಲ್ಲೇ ಎಚ್‌ಎಂಒ ಬಿಟ್ಟು ದೇಶವ್ಯಾಪಿ ಪ್ಲಾನಿಗೆ ಬದಲಿಸಿಕೊಳ್ಳಿ. ಬಹುತೇಕ ಸಂದರ್ಭದಲ್ಲಿ ನೀವೇ ಮೊದಲು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಡಿಸ್ಚಾರ್ಜ್ ಸಮ್ಮರಿ, ಪ್ರತಿ ಐಟಂ ಬಿಡಿಬಿಡಿಯಾಗಿ ಬರೆದ ಬಿಲ್ಲು, ಪಾವತಿ ರಸೀದಿ ಬೇಕು. ಒಟ್ಟು ಮೊತ್ತ ಬರೆದ ಒಂದು ಸಾಲಿನ ಬಿಲ್ಲು ಒಪ್ಪುವುದಿಲ್ಲ. ಬಿಡುಗಡೆಯ ದಿನವೇ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ ತೆಗೆದುಕೊಳ್ಳಿ. ಆಮೇಲೆ ಅಲೆದಾಟ ಜಾಸ್ತಿ.

ಒಂದು ಮಾತು ಯೋಚಿಸಿ ನೋಡಿ. ಮೊಮ್ಮಕ್ಕಳಿಗಾಗಿಯೋ ಕಾಯಿಲೆಗಾಗಿಯೋ 75ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗುವವರು ಕಡಿಮೆಯೇನಿಲ್ಲ. ಅಲ್ಲಿ ಹೋಗಿ ನೆಲೆಸಿದ ಕೂಡಲೇ ವಿನಾಯಿತಿ ಮುಗಿಯಿತು, ಪಾರ್ಟ್ ಬಿ ಬೇಕು. ವಿದೇಶದಲ್ಲಿದ್ದೆ ಎಂಬ ಕಾರಣಕ್ಕೆ ಮೆಡಿಕೇರ್ ಸಾಮಾನ್ಯವಾಗಿ ದಂಡ ಬಿಡುವುದಿಲ್ಲ. ವಾಪಸ್ ಹೋಗುವ ಸಾಧ್ಯತೆ ಅರ್ಧಕ್ಕರ್ಧ ಇದ್ದರೂ, ಪಾರ್ಟ್ ಬಿ ಕಟ್ಟುತ್ತಾ ಇರುವುದೇ ಒಳ್ಳೆಯದಾ ಎಂದು ಸೋಶಿಯಲ್ ಸೆಕ್ಯುರಿಟಿಯವರ ಜೊತೆ ಕೂತು ಲೆಕ್ಕ ಹಾಕಿ, ಆಮೇಲೆ ಟಿಕೆಟ್ ತೆಗೆಯಿರಿ.

ಜನವರಿಯಲ್ಲಿ ಒಮ್ಮೆ ನೋಡುವುದು

ಹೊಸ ವರ್ಷದ ಮೊದಲ ಸಂಬಳದ ಚೀಟಿ ಅಥವಾ ಪಿಂಚಣಿ ಸ್ಟೇಟ್‌ಮೆಂಟ್ ತೆಗೆದು ನೋಡಿ. ಪ್ಲಾನಿನ ಕೋಡ್ ಸರಿ ಇದೆಯಾ? ಒಬ್ಬರ, ಇಬ್ಬರ, ಕುಟುಂಬದ ವಿಮೆಗೆ ಬೇರೆ ಬೇರೆ ಕೋಡ್ ಇರುತ್ತದೆ. ರಿಟೈರ್ ಆದವರು ಔಷಧಿ ಕಾರ್ಡ್ ಬೇರೆ ಬಂದಿದೆಯಾ ಎಂದೂ ನೋಡಬೇಕು. ಡಾಕ್ಟರ್ ಆಫೀಸಿನಲ್ಲಿ ಮೆಡಿಕೇರ್ ಕಾರ್ಡ್ ಮೊದಲು, ಪಿಎಸ್‌ಎಚ್‌ಬಿ ಕಾರ್ಡ್ ಎರಡನೆಯದು ಎಂದು ದಾಖಲಿಸಲು ಹೇಳಿ. ಈ ಕ್ರಮ ತಲೆಕೆಳಗಾದರೆ ಕ್ಲೇಮ್ ತಿರಸ್ಕೃತವಾಗಿ ಬಿಲ್ಲು ಮನೆಗೆ ಬರುತ್ತದೆ.

ಏನಾದರೂ ತಪ್ಪಾಗಿದ್ದರೆ ಕೂಡಲೇ ಬರೆಯಿರಿ. ನೌಕರರು ಎಚ್‌ಆರ್ ವಿಭಾಗಕ್ಕೆ, ರಿಟೈರ್ ಆದವರು ಓಪಿಎಂಗೆ. ಆಸ್ಪತ್ರೆಯಲ್ಲಿದ್ದೆ, ಸಿಸ್ಟಂ ಕೆಲಸ ಮಾಡಲಿಲ್ಲ ಎಂಬಂಥ ಕೈಮೀರಿದ ಕಾರಣವಿದ್ದರೆ ತಡವಾದ ಆಯ್ಕೆಯನ್ನೂ ಒಪ್ಪಲು ಅವಕಾಶವಿದೆ. ಅದಕ್ಕೆ ಪುರಾವೆ ಬೇಕು. ಎರರ್ ಬಂದ ಪರದೆಯ ಫೋಟೋ, ಕರೆ ಮಾಡಿದ ತಾರೀಖು, ಮಾತಾಡಿದವರ ಹೆಸರು ಎಲ್ಲವನ್ನೂ ಆಗಿಂದಾಗಲೇ ಬರೆದಿಟ್ಟುಕೊಳ್ಳಿ.